ಗೇರು ಹಾಕಿದ್ದು ಯಾರು, ಹೇಳಿ ನೋಡೋಣ!

ಹಡಗಲಿ ತಾಲ್ಲೂಕಿನ ಇಟ್ಟಿಗಿಯಿಂದ ಒಂದು ಇನ್ನೋವಾ ಕ್ರಿಸ್ಟಾ ಹೊರಟಿದೆ ಎಂದುಕೊಳ್ಳಿ. ಆಟೋಮ್ಯಾಟಿಕ್ ಗಾಡಿ. ಒಳಗೆ ಏಳು ಮಂದಿ, ಹಿಂದೆ ಮಲ್ಲಿಗೆ ಹೂವಿನ ಬುಟ್ಟಿ. ಡ್ರೈವರನ ಎಡಗಾಲಿಗೆ ಕೆಲಸವೇ ಇಲ್ಲ. ಎಡಗೈ ತೊಡೆಯ ಮೇಲಿದೆ. ಊರು ದಾಟುವುದರೊಳಗೆ ಒಂದನೇ ಗೇರು ಹೋಗಿ ಎರಡನೆಯದು ಬಂತು! ಎರಡು ಹೋಗಿ ಮೂರು ಬಂತು! ಬುಟ್ಟಿಯ ಒಂದು ಹೂವೂ ಅಲುಗಲಿಲ್ಲ.

ಗೇರು ಹಾಕಿದ್ದು ಯಾರು?

ಕಂಪ್ಯೂಟರ್ ಅಂದಿರಾ? ಅರ್ಧ ಅಂಕ ಕೊಡಬಹುದು. ಕಂಪ್ಯೂಟರ್ ಕೊಡಬಲ್ಲದ್ದು ಕರೆಂಟು ಮಾತ್ರ. ಗೇರ್‌ಬಾಕ್ಸಿಗೆ ಬೇಕಾದದ್ದು ಎಣ್ಣೆಯ ಒತ್ತಡ. ಕರೆಂಟನ್ನು ಒತ್ತಡವಾಗಿ ಬದಲಿಸಿ ಕೊಡುವವರು ಯಾರು? ಅಲ್ಲಿದೆ ನೋಡಿ ಗುಟ್ಟು! ಗೇರ್‌ಬಾಕ್ಸಿನ ತಳದಲ್ಲಿ, ಬಿಸಿ ಎಣ್ಣೆಯಲ್ಲಿ ಮುಳುಗಿಕೊಂಡು, ಹೆಬ್ಬೆರಳು ಗಾತ್ರದ ಒಂದು ಬಿಡಿಭಾಗ ಕೂತಿದೆ. ಅದರ ಹೆಸರು ಪ್ರೆಶರ್ ಕಂಟ್ರೋಲ್ ಸೊಲೆನಾಯ್ಡ್.

ಬಿಚ್ಚಿದ ಒಂದನ್ನು ಅಂಗೈಯಲ್ಲಿಟ್ಟುಕೊಂಡು ನೋಡಬೇಕು ನೀವು! ಒಂದು ತುದಿಗೆ ಪ್ಲಾಸ್ಟಿಕ್ ಸಾಕೆಟ್ಟು, ಅದರೊಳಗೆ ಎರಡು ಪಿನ್ನು. ನಡುವೆ ಉಕ್ಕಿನ ಡಬ್ಬಿ, ಅದರ ತುಂಬ ಸಣ್ಣ ತಾಮ್ರದ ತಂತಿಯ ಸುತ್ತು. ಇನ್ನೊಂದು ತುದಿಗೆ ಅಲ್ಯೂಮಿನಿಯಂ ಕೊಳವೆ. ಕೊಳವೆಯ ಪಕ್ಕೆಯಲ್ಲಿ ಎಣ್ಣೆ ಹೋಗಿಬರುವ ತೂತುಗಳು. ಕೆಲವು ಮಾದರಿಗಳಲ್ಲಿ ಆ ತೂತಿಗೆ ನುಣ್ಣನೆಯ ಜಾಲರಿ. ಒಳಗೊಂದು ವಾಲ್ವು. ಕಡ್ಡಿಯಿಂದ ಮೆಲ್ಲಗೆ ಒತ್ತಿ. ಸರಿಯುತ್ತದೆ! ಬಿಡಿ. ಸ್ಪ್ರಿಂಗು ವಾಪಸ್ ತಳ್ಳುತ್ತದೆ! ಎಷ್ಟು ದೂರ ಸರಿಯಿತು? ಒಂದೆರಡು ಮಿಲಿಮೀಟರು.

ಅಷ್ಟೇ! ಇಡೀ ಗಾಡಿಯ ಓಟ ಆ ಒಂದೆರಡು ಮಿಲಿಮೀಟರಿನಲ್ಲಿದೆ!

ಈಗ ಮೊದಲ ಸವಾಲು. 2016ರಲ್ಲಿ ಬಂದ ಕ್ರಿಸ್ಟಾ ನಮ್ಮ ಬಿಡದಿಯಲ್ಲೇ ತಯಾರಾದ ಗಾಡಿ. ಅದರ 6 ಗೇರಿನ ಆಟೋಮ್ಯಾಟಿಕ್‌ಗೆ ಜೋಡಿಯಾಗಿದ್ದು 2.8 ಲೀಟರಿನ ಡೀಸೆಲ್ ಎಂಜಿನ್. 174 ಕುದುರೆಶಕ್ತಿ! ಕಿಲೋವ್ಯಾಟಿನಲ್ಲಿ ಹೇಳುವುದಾದರೆ 128. ಇಷ್ಟು ಶಕ್ತಿ ಚಕ್ರಕ್ಕೆ ಹೋಗುವ ದಾರಿಯಲ್ಲಿ ಕ್ಲಚ್ಚು ಎಷ್ಟು ಬಿಗಿ ಹಿಡಿಯಬೇಕೆಂದು ಹೇಳುವ ಸೊಲೆನಾಯ್ಡು ಎಷ್ಟು ವಿದ್ಯುತ್ ತಿನ್ನಬಹುದು? 500 ವ್ಯಾಟ್? 100?

ಇಳಿಯಿರಿ. ಇನ್ನೂ ಇಳಿಯಿರಿ!

ಟೊಯೊಟಾ ಗೇರ್‌ಬಾಕ್ಸುಗಳಲ್ಲಿ ಇಂಥ ಸುರುಳಿಯ ರೋಧ, 20 ಡಿಗ್ರಿ ಉಷ್ಣಾಂಶದಲ್ಲಿ, ಸಾಮಾನ್ಯವಾಗಿ 5ರಿಂದ 5.6 ಓಮ್. ಹರಿಯುವ ಕರೆಂಟು ಹೆಚ್ಚೆಂದರೆ ಒಂದು ಆಂಪಿಯರಿನ ಆಸುಪಾಸು. ಗುಣಿಸಿ ನೋಡಿ. ಸುಮಾರು 5 ವ್ಯಾಟ್! ಸೊಲೆನಾಯ್ಡು ತಿನ್ನುವುದಕ್ಕೂ ಅದು ಹಿಡಿತದಲ್ಲಿಡುವುದಕ್ಕೂ ಇರುವ ಅಂತರ ಎಷ್ಟು ಗೊತ್ತೇ? 25 ಸಾವಿರ ಪಟ್ಟು!

ಹೇಗೆ ಸಾಧ್ಯ? ಸೊಲೆನಾಯ್ಡು ತಾನೇ ಹೋಗಿ ಕ್ಲಚ್ಚನ್ನು ಒತ್ತುವುದಿಲ್ಲ. ಎಂಜಿನ್ ತಿರುಗುತ್ತಿರುವಷ್ಟು ಹೊತ್ತೂ ಗೇರ್‌ಬಾಕ್ಸಿನೊಳಗೆ ಒಂದು ಪಂಪು ಎಣ್ಣೆ ದೂಡುತ್ತಲೇ ಇರುತ್ತದೆ. ಸೊಲೆನಾಯ್ಡು ಮಾಡುವುದು ಇಷ್ಟೇ: ಆ ಎಣ್ಣೆಯಲ್ಲಿ ಒಂದು ಚೂರನ್ನು ತನ್ನ ಮೂಲಕ ಹಾಯಿಸಿ, ಅದರ ಒತ್ತಡವನ್ನು ಏರಿಸಿ ಇಳಿಸಿ, ಪಕ್ಕದ ದೊಡ್ಡ ವಾಲ್ವಿನ ಬೆನ್ನಿಗೆ ಕೊಡುವುದು. ದೊಡ್ಡ ವಾಲ್ವು ಸರಿಯುತ್ತದೆ. ಇಡೀ ಪಂಪಿನ ಒತ್ತಡ ಬದಲಾಗುತ್ತದೆ. ಎಣ್ಣೆಯಲ್ಲಿ ನೆನೆದ ಕ್ಲಚ್ ಪ್ಲೇಟುಗಳು ಒಂದಕ್ಕೊಂದು ಅಪ್ಪಿಕೊಳ್ಳುತ್ತವೆ!

ಒತ್ತಡ ಎಂದರೆ ಎಷ್ಟು? ಕಾರಿನ ಟಯರಿಗೆ ನಾವು ಹಿಡಿಸುವ ಗಾಳಿ ಎರಡು ಬಾರ್‌ಗಿಂತ ತುಸು ಹೆಚ್ಚು. ಗಾಡಿ ಸುಮ್ಮನೆ ನಿಂತು ಎಂಜಿನ್ ಗುನುಗುತ್ತಿರುವಾಗಲೇ ಗೇರ್‌ಬಾಕ್ಸಿನ ಎಣ್ಣೆ ಅದರ ಎರಡು ಪಟ್ಟು ಒತ್ತಡದಲ್ಲಿರುತ್ತದೆ. ಆಕ್ಸಿಲರೇಟರ್ ಜೋರಾಗಿ ತುಳಿಯಿರಿ. ಗಾಡಿ ಗಾಡಿಗೂ ಬೇರೆ, ಆದರೆ ಅನೇಕ ಗಾಡಿಗಳಲ್ಲಿ 15 ಬಾರ್ ದಾಟುತ್ತದೆ!

ಹಾಗಾದರೆ ಸದಾ ಗರಿಷ್ಠ ಒತ್ತಡದಲ್ಲೇ ಇಟ್ಟರಾಯಿತಲ್ಲ, ಈ ರಗಳೆ ಏಕೆ? ಇಟ್ಟು ನೋಡಿ! ಪ್ರತಿ ಗೇರಿಗೂ ಗಾಡಿ ದಡಕ್ಕನೆ ಎಗರುತ್ತದೆ, ಹೂವಿನ ಬುಟ್ಟಿ ಮಗುಚುತ್ತದೆ. ಕಡಿಮೆ ಇಟ್ಟರೆ? ಪ್ಲೇಟುಗಳು ಜಾರುತ್ತವೆ, ಕರಕಲಾಗುತ್ತವೆ. ಬೇಕಿರುವುದು ಎರಡರ ನಡುವಿನ ಒತ್ತಡ. ಅದೂ ಕ್ಷಣಕ್ಷಣಕ್ಕೂ ಬದಲಾಗುವ ಒತ್ತಡ!

ಗೇರು ಬದಲಾಗುವ ಆ ಕ್ಷಣವನ್ನು ತುಸು ಹಿಗ್ಗಿಸಿ ನೋಡೋಣ. ಒಂದು ಕ್ಲಚ್ಚು ಬಿಡಬೇಕು, ಇನ್ನೊಂದು ಹಿಡಿಯಬೇಕು. ಬಿಡುವುದು ಬೇಗ ಆಯಿತೋ, ಎಂಜಿನ್ ಹಿಡಿತ ತಪ್ಪಿ ವ್ರೂಂ ಎಂದು ಅರಚುತ್ತದೆ. ಹಿಡಿಯುವುದು ಬೇಗ ಆಯಿತೋ, ಎರಡೂ ಒಟ್ಟಿಗೆ ಹಿಡಿದು ಗಾಡಿಯೇ ಮುಗ್ಗರಿಸುತ್ತದೆ. ಸರಿ ಮತ್ತು ತಪ್ಪಿನ ನಡುವೆ ಇರುವುದು ಸೆಕೆಂಡಿನ ನೂರನೇ ಭಾಗಗಳ ಲೆಕ್ಕ! ಹಡಗಲಿಯಿಂದ ಕೊಟ್ಟೂರಿಗೆ ಹೋಗಿ ಬರುವಷ್ಟರಲ್ಲಿ ಈ ಹಿಡಿ-ಬಿಡು ಎಷ್ಟು ಸಲ ನಡೆಯುತ್ತದೋ! ಒಮ್ಮೆಯೂ ನಮಗೆ ಗೊತ್ತಾಗುವುದಿಲ್ಲ.

ಈಗ ಕರೆಂಟು ಹೇಗೆ ಹೋಗುತ್ತದೆ ಕೇಳಿ. ಬ್ಯಾಟರಿ ಕೊಡುವುದು 12 ವೋಲ್ಟು. ಅರ್ಧ ಒತ್ತಡ ಬೇಕಾದರೆ 6 ವೋಲ್ಟು ಕೊಡುತ್ತದೆಯೇ ಕಂಪ್ಯೂಟರು? ಇಲ್ಲ! ಪೂರ್ತಿ 12 ವೋಲ್ಟನ್ನೇ ಕೊಡುತ್ತದೆ, ತಕ್ಷಣ ಕಿತ್ತುಕೊಳ್ಳುತ್ತದೆ. ಮತ್ತೆ ಕೊಡುತ್ತದೆ, ಮತ್ತೆ ಕಿತ್ತುಕೊಳ್ಳುತ್ತದೆ. ಕೊಟ್ಟಿರುವ ಹೊತ್ತು ಹೆಚ್ಚಾದರೆ ಸರಾಸರಿ ಕರೆಂಟು ಹೆಚ್ಚು. ಕಿತ್ತುಕೊಂಡ ಹೊತ್ತು ಹೆಚ್ಚಾದರೆ ಕಡಿಮೆ.

ಸೆಕೆಂಡಿಗೆ ಎಷ್ಟು ಸಲ? ಹತ್ತು? ಇಪ್ಪತ್ತು?

ಜನರಲ್ ಮೋಟರ್ಸ್‌ನ ಹೆಸರಾಂತ 4ಎಲ್60-ಇ ಗೇರ್‌ಬಾಕ್ಸಿನಲ್ಲಿ ಇದು ಸೆಕೆಂಡಿಗೆ 290ಕ್ಕೂ ಹೆಚ್ಚು ಸಲ! ತಾಸಿಗೆ ಗುಣಿಸಿ. ಹತ್ತು ಲಕ್ಷ ದಾಟಿತು! ಹರಪನಹಳ್ಳಿಯಿಂದ ಬೆಂಗಳೂರಿಗೆ ಐದು ತಾಸು ಓಡಿಸಿದರೆ 50 ಲಕ್ಷಕ್ಕೂ ಹೆಚ್ಚು ಮಿಡಿತ! ನೀವು ನಡುವೆ ಚಹಾಕ್ಕೆ ನಿಲ್ಲಿಸುತ್ತೀರಿ. ಎಂಜಿನ್ ಚಾಲೂ ಇದ್ದರೆ ಅದು ಆಗಲೂ ಮಿಡಿಯುತ್ತಿರುತ್ತದೆ.

ಇದರಲ್ಲಿ ಇನ್ನೊಂದು ಚಮತ್ಕಾರ ಅಡಗಿದೆ. ನಿಂತ ವಸ್ತುವನ್ನು ಅಲುಗಿಸುವುದು ಕಷ್ಟ, ಅಲುಗುತ್ತಿರುವುದನ್ನು ಸರಿಸುವುದು ಸುಲಭ. ಆದ್ದರಿಂದ ವಾಲ್ವು ಪೂರ್ತಿ ನಿಲ್ಲಲು ಬಿಡುವುದೇ ಇಲ್ಲ! ಕಣ್ಣಿಗೆ ಕಾಣದಷ್ಟು ಸಣ್ಣಗೆ ಸದಾ ನಡುಗಿಸುತ್ತಲೇ ಇಡುತ್ತಾರೆ. ನಡುಗುವುದರಿಂದಲೇ ಅದಕ್ಕೆ ಅಷ್ಟು ನಿಖರತೆ! ಎಂಜಿನಿಯರಿಂಗಿನಲ್ಲಿ ಇದಕ್ಕಿಂತ ಸೊಗಸಾದ ಉಪಾಯವನ್ನು ನಾನಂತೂ ಕಂಡಿಲ್ಲ.

ತಾಮ್ರದ ಚೇಷ್ಟೆಯನ್ನೂ ಕೇಳಿ. ತಾಮ್ರ ಬಿಸಿಯಾದಂತೆ ಅದರ ರೋಧ ಏರುತ್ತದೆ. ಎಷ್ಟು? ಒಂದೊಂದು ಡಿಗ್ರಿಗೂ ಶೇ 0.39. ಇಷ್ಟೇನಾ ಅನಿಸಿತೇ? ಬೆಳಗಿನ 20 ಡಿಗ್ರಿಯಲ್ಲಿ 5.3 ಓಮ್ ಇದ್ದ ಸುರುಳಿ, ಎಣ್ಣೆ ಕಾದು 120 ಡಿಗ್ರಿಗೆ ಹೋದಾಗ 7.4 ಓಮ್! ಅದೇ 12 ವೋಲ್ಟಿಗೆ ಹರಿಯುವ ಕರೆಂಟು ಕಾಲು ಭಾಗಕ್ಕಿಂತ ಹೆಚ್ಚು ಕುಸಿಯುತ್ತದೆ! ಆದರೂ ಒತ್ತಡ ಕದಲುವುದಿಲ್ಲ. ಏಕೆಂದರೆ ಕಂಪ್ಯೂಟರು ಕೊಟ್ಟು ಸುಮ್ಮನಾಗುವುದಿಲ್ಲ. ಎಷ್ಟು ಕರೆಂಟು ನಿಜವಾಗಿ ಹರಿಯಿತು ಎಂದು ಅಳೆಯುತ್ತದೆ, ಕೊರತೆ ಬಿದ್ದಷ್ಟನ್ನು ತುಂಬುತ್ತದೆ. ಮೈಲಾರದ ಜಾತ್ರೆಯ ಜನಸಂದಣಿಯಲ್ಲಿ ಗಾಡಿ ಆಮೆನಡಿಗೆಯಲ್ಲಿ ಸಾಗುವಾಗ ಎಂಜಿನ್ನಿಗೂ ಗೇರ್‌ಬಾಕ್ಸಿಗೂ ನಡುವೆ ಕೂತ ಟಾರ್ಕ್ ಕನ್ವರ್ಟರು ಎಣ್ಣೆಯನ್ನು ಕಡೆದು ಕಡೆದು ಕಾಯಿಸುತ್ತದಲ್ಲ, ಆಗಲೂ ಈ ಲೆಕ್ಕ ತಪ್ಪುವುದಿಲ್ಲ.

ಈಗ ಅಸಲಿ ಸವಾಲು! ನಾನು ಇಷ್ಟು ಹೊತ್ತು ಹೇಳಲು ಚಡಪಡಿಸುತ್ತಿದ್ದದ್ದು ಇದನ್ನೇ.

ಇಟ್ಟಿಗಿಯ ಹೊಲದಲ್ಲಿ ಬೋರ್‌ವೆಲ್ ಮೋಟರು ಓಡುತ್ತಿದೆ. ಕರೆಂಟು ಹೋಯಿತು. ಏನಾಗುತ್ತದೆ? ಪೈಪಿನಲ್ಲಿ ನೀರು ನಿಲ್ಲುತ್ತದೆ. ಮಕ್ಕಳಿಗೂ ಗೊತ್ತು. ಸರಿ, ಗೇರ್‌ಬಾಕ್ಸಿನ ಮುಖ್ಯ ಒತ್ತಡ ನೋಡಿಕೊಳ್ಳುವ ಸೊಲೆನಾಯ್ಡಿನ ವೈರು ತುಂಡಾಯಿತು. ಕರೆಂಟು ಸೊನ್ನೆ. ಎಣ್ಣೆಯ ಒತ್ತಡ ಏನಾಗುತ್ತದೆ?

ನಿಲ್ಲುತ್ತದೆ ಅಂದಿರಾ?

ಇಲ್ಲ! ಗರಿಷ್ಠಕ್ಕೆ ಏರುತ್ತದೆ!

ಹೌದು, ತಿರುಗುಮುರುಗು! ಈ ಸೊಲೆನಾಯ್ಡಿಗೆ ಕರೆಂಟು ಕೊಟ್ಟಷ್ಟೂ ಒತ್ತಡ ಇಳಿಯುತ್ತದೆ. ಕರೆಂಟು ತೆಗೆದರೆ ಸ್ಪ್ರಿಂಗು ವಾಲ್ವನ್ನು ಪೂರ್ತಿ ಒತ್ತಡದ ಕಡೆಗೆ ತಳ್ಳಿ ಕೂರಿಸುತ್ತದೆ. ಬೇಕೆಂದೇ ಹಾಗೆ ಮಾಡಿದ್ದಾರೆ! ಒತ್ತಡ ಸೊನ್ನೆಯಾದರೆ ಏನಾಗುತ್ತಿತ್ತು ಯೋಚಿಸಿ. ಕ್ಲಚ್ಚು ಜಾರಿ, ಪ್ಲೇಟು ಸುಟ್ಟು, ಕೂಡ್ಲಿಗಿ ಹತ್ತಿರದ ಹೆದ್ದಾರಿಯಲ್ಲಿ ಅಪರಾತ್ರಿ ಏಳು ಮಂದಿ ಬೀದಿಪಾಲು! ಒತ್ತಡ ಪೂರ್ತಿ ಇದ್ದರೆ? ಗೇರು ಬೀಳುವಾಗ ಗಾಡಿ ಒದೆಯುತ್ತದೆ. ಸೊಂಟಕ್ಕೆ ತುಸು ಪೆಟ್ಟು. ಆದರೆ ಕ್ಲಚ್ಚು ಉಳಿಯುತ್ತದೆ, ಗಾಡಿ ಊರು ಮುಟ್ಟುತ್ತದೆ!

ನಾವು ಬೈದುಕೊಳ್ಳುವ ಆ ಒದೆತವಿದೆಯಲ್ಲ, ಅದೇ ರಕ್ಷಣೆ! ಸಾಯುವಾಗಲೂ ಗಾಡಿಯನ್ನು ಕಾಪಾಡುವ ಹಾಗೆ ಈ ಸೊಲೆನಾಯ್ಡನ್ನು ರೂಪಿಸಿದ್ದಾರೆ. ಎಲ್ಲ ಸೊಲೆನಾಯ್ಡುಗಳೂ ಒಂದೇ ಜಾತಿಯಲ್ಲ; ಒಂದೊಂದು ಕ್ಲಚ್ಚಿಗೆ ಇರುವವುಗಳಲ್ಲಿ ಕರೆಂಟು ಹೋದರೆ ಒತ್ತಡ ಬಿಡುವವೂ ಇವೆ. ಅದರಲ್ಲೂ ಲೆಕ್ಕಾಚಾರವಿದೆ. ಸಾಮಾನ್ಯವಾಗಿ ಎಲ್ಲದರ ಕರೆಂಟೂ ಒಟ್ಟಿಗೆ ಹೋದರೆ ಮುಂದಕ್ಕೆ ಒಂದು ಗೇರು, ಹಿಂದಕ್ಕೆ ಒಂದು ಗೇರು ತಾನಾಗಿ ಉಳಿಯುವಂತೆ ಜೋಡಿಸಿರುತ್ತಾರೆ! ಡ್ಯಾಶ್‌ಬೋರ್ಡಿನಲ್ಲಿ ಎಚ್ಚರಿಕೆಯ ದೀಪ ಹತ್ತಿಕೊಂಡು ಗಾಡಿ ಒಂದೇ ಗೇರಿನಲ್ಲಿ ಕುಂಟುತ್ತಾ ಹೋದರೆ, ಅದು ಆ ಜೋಡಣೆಯ ಫಲ.

ಸರಿ, ಸೊಲೆನಾಯ್ಡು ಕೆಡುವುದು ಹೇಗೆ?

ಸುಲಭದ್ದು ಮೊದಲು. ಸುರುಳಿಯ ತಂತಿ ತುಂಡಾಗುತ್ತದೆ, ಅಥವಾ ತಂತಿಯ ಮೇಲಿನ ವಾರ್ನಿಷ್ ಲೇಪ ಕಾದು ಕಾದು ಕಿತ್ತು ಶಾರ್ಟ್ ಆಗುತ್ತದೆ. ಸಾಕೆಟ್ಟಿನ ಪಿನ್ನು ಸಡಿಲವಾಗುತ್ತದೆ. ಇದನ್ನು ಕಂಪ್ಯೂಟರು ತಕ್ಷಣ ಹಿಡಿಯುತ್ತದೆ. ಸ್ಕ್ಯಾನರ್ ಹಾಕಿದರೆ ಪಿ0748 ಥರದ ಕೋಡು ಬರುತ್ತದೆ. ಇನ್ನೂ ತುಂಟ ಜಾತಿಯೊಂದಿದೆ: ತಂತಿಯಲ್ಲಿ ಕೂದಲೆಳೆಯ ಬಿರುಕು. ತಣ್ಣಗಿದ್ದಾಗ ತುದಿಗಳು ಕೂಡಿಕೊಂಡಿರುತ್ತವೆ, ಕಾದಾಗ ಬಿಡುತ್ತವೆ. ಬೆಳಿಗ್ಗೆ ಗಾಡಿ ಚಿನ್ನ. ಬಿಸಿಲೇರಿ ಒಂದು ತಾಸು ಓಡಿದ ಮೇಲೆ ಒದೆತ ಶುರು! ಗ್ಯಾರೇಜಿಗೆ ಒಯ್ದು ತಣ್ಣಗಾಗಲು ಬಿಟ್ಟರೆ ಮತ್ತೆ ಚಿನ್ನ!

ಆದರೆ ನನ್ನನ್ನು ದಂಗುಬಡಿಸಿದ್ದು ಇದಲ್ಲ. ಹೊಸಪೇಟೆಯ ಒಂದು ಗ್ಯಾರೇಜಿನಲ್ಲಿ ಬಿಚ್ಚಿದ ವಾಲ್ವ್ ಬಾಡಿ, ಅಂದರೆ ಈ ವಾಲ್ವುಗಳೂ ಸೊಲೆನಾಯ್ಡುಗಳೂ ಕೂರುವ ಅಚ್ಚು, ಮೇಜಿನ ಮೇಲಿತ್ತು. ಮೆಕ್ಯಾನಿಕ್ಕು ಒಂದು ಸೊಲೆನಾಯ್ಡನ್ನು ತೆಗೆದು ಮೀಟರು ಹಚ್ಚಿ ತೋರಿಸಿದ. ಐದೂ ಕಾಲು ಓಮ್. ಪಕ್ಕಾ ಸರಿ! ಕೋಡು ಮಾತ್ರ ಬರುತ್ತಲೇ ಇತ್ತಂತೆ. "ಮೀಟರ್ ಏನ್ ಹೇಳತೈತ್ರೀ ಸರ, ಕರೆಂಟ್ ಹರಿತೈತಿ ಅಂತ ಅಷ್ಟ. ಇದು ಸುಟ್ಟಿಲ್ಲ, ಕಸ ತಿಂದೈತಿ" ಎಂದು ಕೊಳವೆಯ ತುದಿಯನ್ನು ಬಿಳಿ ಕಾಗದದ ಮೇಲೆ ತಟ್ಟಿದ. ಕಪ್ಪು ಕೆಸರು! ಕ್ಲಚ್ ಪ್ಲೇಟು ಸವೆದ ಪುಡಿ, ಉಕ್ಕಿನ ಪುಡಿ, ಎಣ್ಣೆಯ ಜಿಡ್ಡು.

ಉಕ್ಕಿನ ಪುಡಿ ಅಲ್ಲಿಗೇ ಏಕೆ ಬಂತು, ಊಹಿಸಿ!

ಸೊಲೆನಾಯ್ಡು ಎಂದರೇನು? ವಿದ್ಯುತ್ಕಾಂತ! ಯಾವ ಆಯಸ್ಕಾಂತ ಶಕ್ತಿಯಿಂದ ಅದು ವಾಲ್ವನ್ನು ಎಳೆಯುತ್ತದೋ, ಅದೇ ಶಕ್ತಿಯಿಂದ ಎಣ್ಣೆಯಲ್ಲಿ ತೇಲುವ ಉಕ್ಕಿನ ಕಣವನ್ನೂ ಎಳೆದುಕೊಳ್ಳುತ್ತದೆ. ತನ್ನ ಕೊರಳಿಗೆ ತಾನೇ ಉರುಳು! ಇದನ್ನು ತಡೆಯಲು ಎಣ್ಣೆ ಪಾತ್ರೆಯ ತಳದಲ್ಲಿ ಬೇರೆ ಆಯಸ್ಕಾಂತದ ಬಿಲ್ಲೆಗಳನ್ನು ಇಟ್ಟಿರುತ್ತಾರೆ, ಪುಡಿ ಮೊದಲು ಅಲ್ಲಿಗೆ ಅಂಟಲಿ ಎಂದು. ಪ್ಯಾನು ಇಳಿಸಿದಾಗ ಆ ಬಿಲ್ಲೆಗಳ ಮೇಲೆ ಬೆಳೆದ ಕಪ್ಪು ಗಡ್ಡವನ್ನು ನೋಡಲೇಬೇಕು! ತೆಳ್ಳಗೆ ನುಣುಪಾದ ಗಡ್ಡವಾದರೆ ಸಹಜ ಸವೆತ. ಚೂಪು ಚೂರುಗಳಿದ್ದರೆ ಸಮಸ್ಯೆ ಸೊಲೆನಾಯ್ಡಿಗಿಂತ ಆಳದಲ್ಲಿದೆ.

ವಾಲ್ವಿಗೂ ಕೊಳವೆಗೂ ನಡುವೆ ಎಷ್ಟು ಜಾಗ ಬಿಟ್ಟಿರುತ್ತಾರೆ ಗೊತ್ತೇ? ಮಿಲಿಮೀಟರಿನ ನೂರನೇ ಭಾಗಗಳಲ್ಲಿ ಎಣಿಸಬೇಕು! ನಮ್ಮ ತಲೆಗೂದಲು ಅದರೊಳಗೆ ತೂರುವುದಿಲ್ಲ. ಇಂಥದ್ದನ್ನು ಮೆಕ್ಕೆಜೋಳದ ರಾಶಿಯ ಧೂಳಿನಲ್ಲಿ, ಅದಿರು ಲಾರಿ ಓಡುವ ರಸ್ತೆ ಬದಿಯಲ್ಲಿ, ಬೇವಿನ ಮರದ ಕೆಳಗೆ ಬಿಚ್ಚಿದರೆ? ದಯವಿಟ್ಟು ಬಿಚ್ಚಬೇಡಿ! ಬಲ್ಲ ಮೆಕ್ಯಾನಿಕ್ಕು ವಾಲ್ವ್ ಬಾಡಿಯನ್ನು ಸಾಮಾನ್ಯ ವೇಸ್ಟ್ ಬಟ್ಟೆಯಲ್ಲಿ ಒರೆಸುವುದೂ ಇಲ್ಲ. ಬಟ್ಟೆಯ ಒಂದು ನೂಲೆಳೆ ಸಾಕು, ವಾಲ್ವು ಕಚ್ಚಿಕೊಳ್ಳಲು!

ಇನ್ನೊಂದು ಬಗೆಯ ಸಾವು ಮೀಟರಿಗೂ ಸಿಗುವುದಿಲ್ಲ, ಕಣ್ಣಿಗೂ ಸಿಗುವುದಿಲ್ಲ. ನೆನಪಿದೆಯೇ, ತಾಸಿಗೆ ಹತ್ತು ಲಕ್ಷ ಮಿಡಿತ? ಅಷ್ಟು ನಡುಗಿದ ವಾಲ್ವು ವರ್ಷಗಟ್ಟಲೆ ಅಲ್ಯೂಮಿನಿಯಂ ಗೋಡೆಯನ್ನು ಉಜ್ಜುತ್ತದೆ. ಗೋಡೆ ಸವೆಯುತ್ತದೆ. ಒತ್ತಡ ಸೋರುತ್ತದೆ. ಯಾವ ನಡುಕ ಅದಕ್ಕೆ ನಿಖರತೆ ಕೊಟ್ಟಿತೋ, ಅದೇ ನಡುಕ ಅದನ್ನು ತಿಂದುಹಾಕುತ್ತದೆ!

ಆದರೂ ಗಾಡಿ ಸರಾಗವಾಗೇ ಓಡುತ್ತಿರುತ್ತದೆ. ಹೇಗೆ? ಇಲ್ಲಿದೆ ನನಗೆ ಅತಿ ಇಷ್ಟವಾದ ಸಂಗತಿ. ಗೇರ್‌ಬಾಕ್ಸಿಗೆ ಬರುವ ವೇಗ, ಹೋಗುವ ವೇಗ ಎರಡನ್ನೂ ಅಳೆಯುವ ಸೆನ್ಸರುಗಳಿವೆ. ಪ್ರತಿ ಗೇರು ಬದಲಾವಣೆಗೂ ಎಷ್ಟು ಹೊತ್ತು ಹಿಡಿಯಿತು ಎಂದು ಕಂಪ್ಯೂಟರು ನೋಡುತ್ತದೆ. ತುಸು ತಡವಾಯಿತೇ? ಮುಂದಿನ ಸಲ ಒತ್ತಡ ಚೂರು ಏರಿಸುತ್ತದೆ. ಗುದ್ದಿತೇ? ಚೂರು ಇಳಿಸುತ್ತದೆ. ಹೀಗೆ ಕಲಿಯುತ್ತಾ, ಸವೆತವನ್ನು ಮುಚ್ಚಿಕೊಳ್ಳುತ್ತಾ, ನಿಮಗೊಂದು ಸುಳಿವೂ ಕೊಡದೆ ವರ್ಷಗಳನ್ನು ದೂಡಿರುತ್ತದೆ! ನೀವು "ನಿನ್ನೆಯಿಂದ ಒದೀತಿದೆ" ಎನ್ನುತ್ತೀರಿ. ಅದು ನಿನ್ನೆ ಶುರುವಾದದ್ದಲ್ಲ. ಸರಿದೂಗಿಸುವ ಮಿತಿ ನಿನ್ನೆ ಮುಗಿಯಿತು, ಅಷ್ಟೇ!

ಇದೆಲ್ಲ ದುಡ್ಡಿರುವವರ ಕಾರಿನ ಮಾತು ಎಂದುಕೊಂಡಿರಾ? ನಿಮ್ಮೂರಲ್ಲಿ ಕೃಷಿಹೊಂಡ ತೋಡುವ ಜೆಸಿಬಿಯ ಸ್ಟೇರಿಂಗ್ ಪಕ್ಕ ನೋಡಿ. ಮುಂದೆ-ಹಿಂದೆ ಹೋಗಲು ಒಂದು ಪುಟ್ಟ ಲಿವರು. ಆಪರೇಟರು ಬೆರಳಿಂದ ತಟ್ಟುತ್ತಾನೆ, ಅಷ್ಟು ಭಾರದ ಯಂತ್ರ ದಿಕ್ಕು ಬದಲಿಸುತ್ತದೆ! ಅಲ್ಲಿರುವುದೂ ಸೊಲೆನಾಯ್ಡೇ. ಅದು ಆನ್-ಆಫ್ ಎರಡೇ ಬಲ್ಲದು, ನಮ್ಮ ಕಥಾನಾಯಕನ ಹಾಗೆ ನಡುವಿನ ಮಟ್ಟಗಳನ್ನು ಅರಿಯದು. ಆದರೆ ಮನೆತನ ಒಂದೇ. ಸಂಡೂರಿನ ದೋಣಿಮಲೈ ಥರದ ಗಣಿಗಳಲ್ಲಿ ಅದಿರು ಹೊರುವ ದೈತ್ಯ ಡಂಪರುಗಳಲ್ಲಂತೂ ಕ್ಲಚ್ ಪೆಡಲೇ ಇರುವುದಿಲ್ಲ! ಎಣ್ಣೆಯ ಒತ್ತಡವೇ ಗೇರು ಹಾಕುತ್ತದೆ.

ಅಂದಹಾಗೆ, ಈ ವಿದ್ಯೆ ಹಳೆಯದು. 1940ರ ಮಾದರಿಯ ಓಲ್ಡ್ಸ್‌ಮೊಬಿಲ್ ಕಾರುಗಳಿಗೆ ಜನರಲ್ ಮೋಟರ್ಸ್ ಹೈಡ್ರಾಮ್ಯಾಟಿಕ್ ಹಾಕಿದಾಗ ಕಂಪ್ಯೂಟರೂ ಇರಲಿಲ್ಲ, ಈ ಸೊಲೆನಾಯ್ಡೂ ಇರಲಿಲ್ಲ. ಬರೀ ಎಣ್ಣೆ, ಸ್ಪ್ರಿಂಗು, ವಾಲ್ವುಗಳೇ ಯಾವ ಗೇರು ಎಂದು ನಿರ್ಧರಿಸುತ್ತಿದ್ದವು! ಅದೂ ಒಂದು ಬೆರಗು.

ಈಗ ಒಂದು ಪ್ರಶ್ನೆ, ಊರಿನ ಹುಡುಗರಿಗೆ. ಬ್ಯಾಟರಿ ಸತ್ತ ಆಟೋಮ್ಯಾಟಿಕ್ ಗಾಡಿಯನ್ನು ನಾಲ್ಕು ಜನ ತಳ್ಳಿ ಸ್ಟಾರ್ಟ್ ಮಾಡಬಹುದೇ? ಆಗದು! ಎಂಟು ಜನ ತಳ್ಳಿದರೂ ಆಗದು! ಏಕೆ? ಪಂಪು ತಿರುಗುವುದು ಎಂಜಿನ್ನಿನಿಂದ. ಎಂಜಿನ್ ಇಲ್ಲವೆಂದರೆ ಒತ್ತಡವಿಲ್ಲ, ಒತ್ತಡವಿಲ್ಲವೆಂದರೆ ಕ್ಲಚ್ಚು ಹಿಡಿಯುವುದಿಲ್ಲ. ಚಕ್ರಕ್ಕೂ ಎಂಜಿನ್ನಿಗೂ ಸಂಬಂಧವೇ ಇಲ್ಲ! ಅದೇ ಕಾರಣಕ್ಕೆ ಕೆಟ್ಟ ಕ್ರಿಸ್ಟಾವನ್ನು ಟ್ರ್ಯಾಕ್ಟರಿಗೆ ಹಗ್ಗ ಕಟ್ಟಿ ದೂರ ಎಳೆಯಬೇಡಿ. ಚಕ್ರದ ಜೊತೆ ಗೇರ್‌ಬಾಕ್ಸಿನ ಹಿಂಭಾಗ ತಿರುಗುತ್ತದೆ, ಎಣ್ಣೆ ಹೋಗುವುದಿಲ್ಲ, ಒಣಗಿ ಉಜ್ಜಿ ಹಾಳಾಗುತ್ತದೆ. ಹಿಂದಿನ ಚಕ್ರ ನೆಲದಿಂದ ಮೇಲಿರಬೇಕು. ಇಡೀ ಗಾಡಿಯನ್ನೇ ಲಾರಿ ಮೇಲೆ ಹೇರಿದರೆ ಇನ್ನೂ ಲೇಸು.

ಸೊಲೆನಾಯ್ಡೇ ಬದಲಿಸಬೇಕಾಗಿ ಬಂತು ಎನ್ನಿ. ಕೊನೆಯ ಅಚ್ಚರಿ ಅಲ್ಲಿ ಕಾದಿದೆ. ಒಂದೇ ಅಚ್ಚಿನಲ್ಲಿ ಬಂದ ಎರಡು ಸೊಲೆನಾಯ್ಡುಗಳೂ ಒಂದೇ ಥರ ಇರುವುದಿಲ್ಲ! ಅದೇ ಕರೆಂಟಿಗೆ ಒಂದು ಚೂರು ಹೆಚ್ಚು ಒತ್ತಡ ಕೊಡುತ್ತದೆ, ಇನ್ನೊಂದು ಚೂರು ಕಡಿಮೆ. ಆದ್ದರಿಂದ ಹಲವು ಕಂಪನಿಗಳು ಕಾರ್ಖಾನೆಯಲ್ಲೇ ಅಳೆದು, ಅದರ ಗುಣವನ್ನು ಉದ್ದನೆಯ ಸಂಕೇತವಾಗಿ ಬರೆದು ಕಳಿಸುತ್ತವೆ. ಆ ಸಂಕೇತವನ್ನು ಗಾಡಿಯ ಕಂಪ್ಯೂಟರಿಗೆ ಊಡಬೇಕು. ಹಳೆಯದರ ಜೊತೆ ಕಲಿತದ್ದನ್ನು ಅಳಿಸಬೇಕು. ಅಳಿಸದಿದ್ದರೆ ಹೊಚ್ಚಹೊಸ ಸೊಲೆನಾಯ್ಡಿಗೂ ಸವೆದದ್ದಕ್ಕೆ ಕೊಡುತ್ತಿದ್ದ ಲೆಕ್ಕವನ್ನೇ ಕೊಟ್ಟು, ಹೊಸದು ಹಾಕಿದರೂ ಒದೆಯುತ್ತದೆ! "ದುಡ್ಡು ಸುರಿದದ್ದು ದಂಡ" ಎಂದು ಗ್ಯಾರೇಜಿನವರ ಮೇಲೆ ಎಗರುವ ಮುನ್ನ ಇದೊಂದನ್ನು ಕೇಳಿ: ಕಲಿಕೆ ಅಳಿಸಿದಿರಾ? ಸಂಕೇತ ಹಾಕಿದಿರಾ?

ಹಾಕಿದ್ದರೆ, ಎಣ್ಣೆ ಹದವಾಗಿ ಕಾದ ಮೇಲೆ ಹಗರಿಬೊಮ್ಮನಹಳ್ಳಿ ಕಡೆಗೋ ಹರಪನಹಳ್ಳಿ ಕಡೆಗೋ ಗಾಡಿ ಹೊರಡಿಸಿ. ಆಕ್ಸಿಲರೇಟರನ್ನು ಮೆಲ್ಲಗೆ, ಒಂದೇ ಹದದಲ್ಲಿ ತುಳಿಯಿರಿ. ಎಲ್ಲ ಗೇರೂ ಏರಲಿ, ನಿಧಾನಕ್ಕೆ ಇಳಿಯಲಿ, ನಿಲ್ಲಿಸಿ, ಮತ್ತೆ ಹೊರಡಿ. ಮೊದಮೊದಲು ಅಲ್ಲಲ್ಲಿ ಎಡವುತ್ತದೆ. ಆಮೇಲೆ ಗಮನಿಸಿ! ಒಂದೊಂದು ಸಲಕ್ಕೂ ಒದೆತ ಕಡಿಮೆ! ಹೊಸ ವಾಲ್ವಿನ ಗುಣವನ್ನು ಕಂಪ್ಯೂಟರು ಕಲಿಯುತ್ತಿದೆ, ನಿಮ್ಮ ಕಾಲಡಿಯಲ್ಲೇ, ನೀವು ಓಡಿಸುತ್ತಿರುವಾಗಲೇ!